ರೊಟ್ಟಿ ನಮ್ಮದು, ಹೆಸರು ಯಾರದು?

ಮಗುವಿಗೆ ಹೆಸರಿಡುವುದು ಸುಲಭ. ಸೋದರತ್ತೆ ತೊಟ್ಟಿಲ ಮೇಲೆ ಬಗ್ಗಿ ಕಿವಿಯಲ್ಲಿ ಹೆಸರು ಹೇಳಿ, ಬಂದವರ ಕೈಗೆಲ್ಲ ಒಂದಿಷ್ಟು ಗುಗ್ಗರಿ ಹಾಕಿದರೆ ಮುಗಿಯಿತು. ಅದೇ ಓಣಿಯಲ್ಲಿ ಈಗಾಗಲೇ ನಾಲ್ವರು ಬಸವರಾಜ ಇದ್ದರೂ ಐದನೆಯವನ ಮೇಲೆ ಯಾರೂ ತಕರಾರು ಎತ್ತುವುದಿಲ್ಲ. ಅಂಚೆಯವನಿಗೂ ಗೊತ್ತು, ಯಾವ ಬಸವರಾಜನ ಮನೆ ಯಾವುದೆಂದು.

ಆನ್‌ಲೈನ್ ಅಂಗಡಿಯ ಲೆಕ್ಕ ಹಾಗಲ್ಲ. ಅಲ್ಲಿ ಒಂದು ವಿಳಾಸ ಒಬ್ಬರಿಗೇ. ಎರಡನೆಯವರಿಗೆ ಅದು ಸಿಗುವುದಿಲ್ಲ. ಅದರ ಹತ್ತಿರದ್ದೇನನ್ನೋ ಹಿಡಿದುಕೊಂಡರೆ ನೋಟಿಸ್ ಬರಬಹುದು. ಗಿರಾಕಿಗೆ ನಮ್ಮ ಮುಖ ಕಾಣುವುದಿಲ್ಲ, ಅಂಗಡಿಯ ಬಾಗಿಲು ಕಾಣುವುದಿಲ್ಲ, ಹುರಿದ ಶೇಂಗಾದ ವಾಸನೆ ಬರುವುದಿಲ್ಲ. ಕಾಣುವುದು ಹೆಸರು ಮಾತ್ರ. ಸ್ವಂತದ್ದು ಏನಾದರೂ ಶುರು ಮಾಡೋಣ ಎಂದುಕೊಂಡಿರುವ ಗೆಳೆಯ ಗೆಳತಿಯರು ಈ ಪುಟದ ಓದುಗರಲ್ಲಿ ಬಹಳ ಜನ ಇದ್ದೀರಿ. ಹೆಸರು ಆರಿಸಲು ನಮ್ಮ ಮನೆಯಲ್ಲಿ ಎರಡು ತಿಂಗಳು ನಡೆದ ಕೆಲಸ ನಿಮಗೂ ಉಪಯೋಗಕ್ಕೆ ಬಂದೀತು ಎಂದು ಬರೆಯುತ್ತಿದ್ದೇನೆ.

ನಮ್ಮದು ಹಾವೇರಿ ಜಿಲ್ಲೆಯ ಹಳ್ಳಿ. ನಾನು ಬಿ.ಕಾಂ. ಮುಗಿಸಿ ಎರಡು ವರ್ಷವಾಯಿತು. ಸ್ಪರ್ಧಾತ್ಮಕ ಪರೀಕ್ಷೆಗಳನ್ನು ಬರೆಯುತ್ತಿದ್ದೇನೆ. ಅವ್ವ ಮತ್ತು ಚಿಗವ್ವ ಓಣಿಯ ಇನ್ನೂ ಮೂವರು ಹೆಣ್ಣುಮಕ್ಕಳ ಜೊತೆ ಹನ್ನೊಂದು ವರ್ಷದಿಂದ ಕಡಕ್ ಜೋಳದ ರೊಟ್ಟಿ ಮಾಡುತ್ತಾರೆ. ಜೊತೆಗೆ ಶೇಂಗಾ ಚಟ್ನಿ, ಅಗಸಿ ಚಟ್ನಿ, ಮಸಾಲಿ ಖಾರ. ಇಷ್ಟೂ ವರ್ಷ ಅದೆಲ್ಲ ಹೋಗುತ್ತಿದ್ದದ್ದು ಪಟ್ಟಣದ ಒಂದು ಅಂಗಡಿಗೆ. ಅಂಗಡಿಯವರು ಅದನ್ನು ತಮ್ಮ ಕವರಿಗೆ ಹಾಕಿ, ತಮ್ಮ ಸ್ಟಿಕ್ಕರ್ ಹಚ್ಚಿ ಮಾರುತ್ತಿದ್ದರು. ತಿಂದವರು ಹೊಗಳುತ್ತಿದ್ದದ್ದು ಆ ಅಂಗಡಿಯ ರೊಟ್ಟಿಯನ್ನು. ಅದು ತಪ್ಪೇನೂ ಅಲ್ಲ. ಕವರಿನ ಮೇಲೆ ಇದ್ದದ್ದು ಅದೇ ಹೆಸರು.

ಹೋದ ವರ್ಷ ಒಂದು ಸಂಜೆ ಅಂಗಡಿಯಿಂದ ಫೋನ್ ಬಂತು. ‘ನಾಳಿಂದ ಬ್ಯಾಡ್ರಿ, ಬ್ಯಾರೆ ಕಡೆ ಕಡಿಮಿಗೆ ಸಿಗಾಕತ್ತಾವು.’ ಅಷ್ಟೇ ಮಾತು. ಹನ್ನೊಂದು ವರ್ಷ ಅವ್ವನ ಕೈಯ ರೊಟ್ಟಿ ತಿಂದವರು ನೂರಾರು ಮಂದಿ. ಅವರಲ್ಲಿ ಒಬ್ಬರಿಗೂ ಅದು ಯಾರ ಕೈಯದು ಎಂದು ಗೊತ್ತಿರಲಿಲ್ಲ. ಅವರನ್ನು ಹುಡುಕಿಕೊಂಡು ಹೋಗಲು ನಮಗೂ ದಾರಿಯಿರಲಿಲ್ಲ. ಹೆಸರಿಲ್ಲದ ಸರಕಿಗೆ ಗಿರಾಕಿ ಇದ್ದರೂ ಅವರು ನಮ್ಮ ಗಿರಾಕಿಗಳಲ್ಲ ಎಂಬುದು ಅಂದು ತಿಳಿಯಿತು. ಆನ್‌ಲೈನಿನಲ್ಲಿ ನಾವೇ ಮಾರೋಣ ಎಂದು ಮನೆಯಲ್ಲಿ ನಿರ್ಧಾರವಾದಾಗ ಮೊದಲು ಬೇಕಾದದ್ದು ಹೆಸರು. ಅದು ಬರೀ ಚೆಂದ ಇದ್ದರೆ ಸಾಲದು, ನಮ್ಮ ಕೈಯಲ್ಲೇ ಉಳಿಯಬೇಕು.

ನೋಟ್‌ಬುಕ್ಕಿನಲ್ಲಿ ನಲವತ್ತು ಹೆಸರು

ಹಳೆಯ ನೋಟ್‌ಬುಕ್ಕಿನಲ್ಲಿ ಒಂದು ಪುಟ ಬಿಟ್ಟೆ. ಯಾರಿಗೆ ಏನು ಹೊಳೆದರೂ ಬರೆಯುವುದು, ಆಡಿಕೊಳ್ಳುವಂತಿಲ್ಲ ಎಂದು ಷರತ್ತು. ವಾರದಲ್ಲಿ ನಲವತ್ತು ಹೆಸರಾದವು. ಚಿಗವ್ವನಿಗೆ ‘ಉತ್ತರ ಕರ್ನಾಟಕ ಕಡಕ್ ರೊಟ್ಟಿ’ ಇಷ್ಟ. ‘ಏನ್ ಮಾರತೀವಿ ಅಂತ ಹೆಸರಿನ್ಯಾಗ ಗೊತ್ತಾಗಬೇಕು ನೋಡವಾ’ ಎಂದಳು. ಅಜ್ಜನಿಗೆ ಮನೆದೇವರು ಬನಶಂಕರಿಯ ಹೆಸರೇ ಆಗಬೇಕು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಣ್ಣ, ಕೊನೆಗೆ ‘ಕಾರ್ಟ್’, ‘ಬಾಸ್ಕೆಟ್’, ‘ಹಬ್’ ಇರುವ ಇಂಗ್ಲಿಷ್ ಹೆಸರುಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಲೇ ಇದ್ದ. ನನಗೆ ಮೊದಲು ಹಿಡಿಸಿದ್ದು ‘ಜೋಳಿಗೆ’. ಜೋಳವೂ ಬಂತು, ಚೀಲವೂ ಬಂತು! ಅಜ್ಜ ಒಪ್ಪಲಿಲ್ಲ. ‘ಜೋಳಿಗಿ ಹಿಡಿಯೋದು ಭಿಕ್ಷಾಕ್ಕ. ದುಡದು ತಿನ್ನೋ ಮನಿಗೆ ಆ ಹೆಸರ್ಯಾಕ?’ ಎಂದರು. ಅವರ ಮಾತಿನಲ್ಲಿ ಅರ್ಥವಿತ್ತು. ನಮ್ಮ ತಲೆಮಾರಿಗೆ ಮುದ್ದಾಗಿ ಕೇಳುವ ಪದಕ್ಕೆ ಹಿರಿಯರ ಕಿವಿಯಲ್ಲಿ ಬೇರೆಯದೇ ನೆನಪು ಇರಬಹುದು. ಹೆಸರಿಡುವ ಮೊದಲು ಮನೆಯ ಅತ್ಯಂತ ಹಿರಿಯರನ್ನೂ ಅತ್ಯಂತ ಕಿರಿಯರನ್ನೂ ಕೇಳಬೇಕು ಎಂಬುದು ನನ್ನ ಪಟ್ಟಿಯ ಮೊದಲ ನಿಯಮವಾಯಿತು.

ಆಮೇಲೆ ಒಂದೊಂದೇ ಜರಡಿ ಹಿಡಿಯುತ್ತ ಹೋದೆ.

ಎಲ್ಲರಿಗೂ ಸೇರಿದ ಪದ

ಮೊದಲ ಜರಡಿ ಕಾನೂನಿನದು. ನಮ್ಮಲ್ಲಿ ವ್ಯಾಪಾರದ ಹೆಸರುಗಳಿಗೆ ರಕ್ಷಣೆ ಕೊಡುವುದು 1999ರ ಟ್ರೇಡ್‌ಮಾರ್ಕ್ ಕಾಯ್ದೆ. ಜಾರಿಗೆ ಬಂದದ್ದು 2003ರ ಸೆಪ್ಟೆಂಬರಿನಲ್ಲಿ. ಅದರ 9ನೇ ಸೆಕ್ಷನ್ ಓದಿದರೆ ಅರ್ಧ ಗೊಂದಲ ಕಳೆಯುತ್ತದೆ. ಸರಕು ಯಾವ ಬಗೆಯದು, ಅದರ ಗುಣವೇನು, ಪ್ರಮಾಣವೆಷ್ಟು, ಎಲ್ಲಿಂದ ಬಂದದ್ದು ಎಂಬುದನ್ನಷ್ಟೇ ಹೇಳುವ ಪದಗಳನ್ನು ಒಬ್ಬರ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಲು ಸಾಮಾನ್ಯವಾಗಿ ಬರುವುದಿಲ್ಲ. ಕಾರಣ ಸರಳ. ‘ಕಡಕ್ ರೊಟ್ಟಿ’ ಎಂಬ ಪದವನ್ನು ನಮಗೆ ಬರೆದುಕೊಟ್ಟರೆ ಪಕ್ಕದ ಊರಿನವರು ತಮ್ಮ ಕಡಕ್ ರೊಟ್ಟಿಯನ್ನು ಏನೆಂದು ಕರೆಯಬೇಕು? ಬಹಳ ವರ್ಷ ಬಳಸಿ, ಆ ಪದ ಕೇಳಿದೊಡನೆ ಜನರಿಗೆ ಒಬ್ಬರೇ ವ್ಯಾಪಾರಿ ನೆನಪಾಗುವಂತಾದರೆ ವಿನಾಯಿತಿ ಉಂಟು. ಹೊಸದಾಗಿ ಶುರು ಮಾಡುವವರಿಗೆ ಅದು ದೂರದ ಮಾತು.

ಚಿಗವ್ವ ಹೇಳಿದ ಹೆಸರಿನ ತೊಂದರೆ ಇದೇ. ಅದು ಸರಕನ್ನು ಚೆನ್ನಾಗಿ ಹೇಳುತ್ತದೆ, ಮಾರುವವರು ಯಾರು ಎಂಬುದನ್ನು ಮಾತ್ರ ಹೇಳುವುದಿಲ್ಲ. ಗೂಗಲ್‌ನಲ್ಲಿ ಹುಡುಕಿದರೂ ಅದೇ ಪದಗಳಿರುವ ಹತ್ತು ಅಂಗಡಿಗಳು ಒಟ್ಟಿಗೆ ಬರುತ್ತವೆ. ಹಾಗೆಂದು ಆ ಪದಗಳನ್ನು ಬಿಡಬೇಕಾಗಿಲ್ಲ. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಕಡಕ್ ಜೋಳದ ರೊಟ್ಟಿ, ಚಟ್ನಿ ಪುಡಿ’ ಎಂದು ಬರೆದರೆ ಗಿರಾಕಿಗೂ ತಿಳಿಯುತ್ತದೆ, ಹುಡುಕುವ ಯಂತ್ರಕ್ಕೂ ತಿಳಿಯುತ್ತದೆ. ಸರಕಿನ ವಿವರ ಅಡಿಬರಹಕ್ಕೆ, ಗುರುತು ಹೆಸರಿಗೆ ಎಂದು ಹಂಚಿಕೊಟ್ಟ ಮೇಲೆ ಚಿಗವ್ವನಿಗೂ ಸಮಾಧಾನವಾಯಿತು.

ಊರಿನ ಹೆಸರಿನ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ನಮ್ಮ ಮಸಾಲಿ ಖಾರಕ್ಕೆ ಬಳಸುವುದು ಬ್ಯಾಡಗಿ ಮೆಣಸಿನಕಾಯಿ. ‘ಬ್ಯಾಡಗಿ’ ಎಂದೇ ಹೆಸರಿಡಬಾರದೇಕೆ ಎಂದು ಅಣ್ಣ ಕೇಳಿದ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆ ಸಿಕ್ಕಿದೆ. ಧಾರವಾಡ ಪೇಡಾ, ಚನ್ನಪಟ್ಟಣದ ಬೊಂಬೆ, ಇಳಕಲ್ ಸೀರೆ, ನವಲಗುಂದದ ಜಮಖಾನಗಳಿಗೂ ಅದೇ ಮಾನ್ಯತೆ ಇದೆ. ಈ ಹೆಸರುಗಳು ಆ ಪ್ರದೇಶದಲ್ಲಿ ಅವನ್ನು ಬೆಳೆಯುವ, ನೇಯುವ, ತಯಾರಿಸುವ ಎಲ್ಲರ ಪಾಲಿನವು. ಒಬ್ಬ ವ್ಯಾಪಾರಿಯ ಸ್ವತ್ತಾಗುವುದಿಲ್ಲ. ಬಳಸಿದ್ದು ನಿಜವಾಗಿಯೂ ಬ್ಯಾಡಗಿ ಮೆಣಸಿನಕಾಯಿಯಾದರೆ ಅದನ್ನು ಪೊಟ್ಟಣದ ಮೇಲೆ ಹೇಳಬಹುದು. ನಮ್ಮ ಅಂಗಡಿಯ ಗುರುತಾಗಿ ಅದನ್ನು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ.

ನಂದಿನಿಯ ಪಾಠ

ದೇವರ ಹೆಸರಿನ ಬಗ್ಗೆ ಅಜ್ಜನಿಗೆ ಹೇಳುವ ಮೊದಲು ನಾನು ಒಂದು ಮೊಕದ್ದಮೆಯ ಕತೆ ಓದಿಕೊಂಡೆ. ಅದು ನಮ್ಮ ರಾಜ್ಯದ್ದೇ. ಕರ್ನಾಟಕ ಹಾಲು ಮಹಾಮಂಡಳ 1985ರಿಂದ ‘ನಂದಿನಿ’ ಹೆಸರಿನಲ್ಲಿ ಹಾಲು ಮಾರುತ್ತಿದೆ. ಬೆಂಗಳೂರಿನ ‘ನಂದಿನಿ ಡಿಲಕ್ಸ್’ ಹೋಟೆಲಿನವರು 1989ರಿಂದ ಆ ಹೆಸರು ಬಳಸುತ್ತಿದ್ದರು. ಇಂಗ್ಲಿಷಿನಲ್ಲಿ ಬರೆಯುವಾಗ ಅವರದ್ದರಲ್ಲಿ ‘ಡಿ’ ಪಕ್ಕ ಒಂದು ‘ಎಚ್’ ಹೆಚ್ಚು. ಹೋಟೆಲಿನವರು ಆಹಾರ ಪದಾರ್ಥಗಳಿಗೆ ತಮ್ಮ ಹೆಸರನ್ನು ನೋಂದಾಯಿಸಲು ಹೋದಾಗ ಮಹಾಮಂಡಳ ಆಕ್ಷೇಪಿಸಿತು. ಟ್ರೇಡ್‌ಮಾರ್ಕ್ ಅಧಿಕಾರಿ, ಮೇಲ್ಮನವಿ ಮಂಡಳಿ, ಹೈಕೋರ್ಟ್ ಎಲ್ಲ ದಾಟಿ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 2018ರ ಜುಲೈನಲ್ಲಿ ತೀರ್ಪು ಬಂತು. ನಂದಿನಿ ಎಂಬುದು ಪುರಾಣದ ಹಸುವಿನ, ದೇವತೆಯ ಹೆಸರು. ಯಾರೂ ಹೊಸದಾಗಿ ಕಟ್ಟಿದ ಪದವಲ್ಲ. ಇಬ್ಬರ ಗುರುತುಗಳು ನೋಡಲು ಬೇರೆ, ಸರಕುಗಳೂ ಬೇರೆ. ಹಾಗಾಗಿ ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಬಿಟ್ಟು ಉಳಿದವಕ್ಕೆ ಹೋಟೆಲಿನವರು ನೋಂದಣಿ ಪಡೆಯಬಹುದು ಎಂದಿತು ಕೋರ್ಟು.

ಈ ಕತೆಯಿಂದ ಎರಡು ಪಾಠ ಸಿಗುತ್ತವೆ. ಎಲ್ಲರೂ ಪೂಜಿಸುವ, ಎಲ್ಲರ ಬಾಯಲ್ಲಿರುವ ಹೆಸರನ್ನು ಎಷ್ಟೇ ದೊಡ್ಡ ಸಂಸ್ಥೆಯಾದರೂ ಪೂರ್ತಿ ಬೇಲಿ ಹಾಕಿ ಕಾಯಲು ಆಗುವುದಿಲ್ಲ. ಇನ್ನೊಂದು, ಗೆದ್ದವರೂ ಸುಪ್ರೀಂ ಕೋರ್ಟಿನವರೆಗೆ ಓಡಾಡಬೇಕಾಯಿತು. ರೊಟ್ಟಿ ಮಾರಿ ಬಂದ ದುಡ್ಡಿನಲ್ಲಿ ಹುಬ್ಬಳ್ಳಿಯ ವಕೀಲರ ತನಕ ಹೋಗುವುದೂ ನಮಗೆ ಭಾರವೇ. ಇದನ್ನೆಲ್ಲ ಕೇಳಿದ ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರ ಬನಶಂಕರಿ ಫೋಟೋ ಒಲಿ ಮುಂದ ಇರಲಿ ಬಿಡು’ ಎಂದರು.

ಕಿವಿಗೊಂದು, ಕೀಲಿಮಣೆಗೊಂದು

ಎರಡನೇ ಜರಡಿ ಕಿವಿಯದು. ಇಲ್ಲಿ ಕನ್ನಡದವರಿಗೆ ಒಂದು ವಿಶೇಷ ಕಷ್ಟವಿದೆ. ಕನ್ನಡದಲ್ಲಿ ಕೇಳಿದ್ದನ್ನು ಕೇಳಿದಂತೆ ಬರೆಯುತ್ತೇವೆ. ಇಂಗ್ಲಿಷ್ ಅಕ್ಷರಕ್ಕೆ ಹೋದ ಕೂಡಲೇ ‘ತ’ಗೂ ‘ಟ’ಗೂ ಒಂದೇ ‘ಟಿ’, ‘ದ’ಗೂ ‘ಡ’ಗೂ ಒಂದೇ ‘ಡಿ’, ‘ಲ’ಗೂ ‘ಳ’ಗೂ ಒಂದೇ ‘ಎಲ್’. ಬೆಂಗಳೂರು, ಮೈಸೂರು ಕಡೆಯ ಸಂಗೀತಾ ತನ್ನ ಹೆಸರಿನಲ್ಲಿ ‘ಟಿ’ ಪಕ್ಕ ‘ಎಚ್’ ಹಾಕುತ್ತಾಳೆ. ನಮ್ಮ ಕಡೆಯ ಸಂಗೀತಾ ಹೆಚ್ಚಾಗಿ ಹಾಕುವುದಿಲ್ಲ. ದೀರ್ಘಕ್ಕೆ ಒಬ್ಬರು ಎರಡು ‘ಎ’ ಬರೆದರೆ ಇನ್ನೊಬ್ಬರು ಒಂದು. ‘ನಮ್ಮ ಪೇಜ್ ನೋಡ್ರಿ’ ಎಂದು ಫೋನಿನಲ್ಲಿ ಹೇಳಿದರೆ ಕೇಳಿದವರು ಏನು ಟೈಪ್ ಮಾಡುತ್ತಾರೆ ಎಂಬುದು ಅವರ ಊರಿನ ಮೇಲೆ ನಿಂತಿದೆ!

ಇದನ್ನು ಪರೀಕ್ಷಿಸಲು ಒಂದು ಖರ್ಚಿಲ್ಲದ ಉಪಾಯವಿದೆ. ಹತ್ತು ಗೆಳತಿಯರಿಗೆ ಫೋನ್ ಮಾಡಿ ಹೆಸರನ್ನು ಒಂದೇ ಸಲ ಹೇಳಿದೆ. ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ವಾಟ್ಸ್‌ಆ್ಯಪ್ ಮಾಡಲು ಕೇಳಿದೆ. ‘ಸವಿರುಚಿ ಖಾರ’ ಎಂಬ ಹೆಸರು ಆರು ರೂಪದಲ್ಲಿ ಬಂತು. ‘ಖಾ’ಗೆ ಕೆಲವರು ‘ಎಚ್’ ಹಾಕಿದ್ದರು, ಕೆಲವರು ಬಿಟ್ಟಿದ್ದರು, ಒಬ್ಬಳು ಎರಡು ಪದವನ್ನು ಮೂರು ಮಾಡಿದ್ದಳು. ‘ಬುತ್ತಿ’ ನನಗೆ ಬಹಳ ಹಿಡಿಸಿದ್ದ ಹೆಸರು. ಹೊಲಕ್ಕೆ ಕಟ್ಟಿಕೊಂಡು ಹೋಗುವ ಊಟಕ್ಕೆ ಅದಕ್ಕಿಂತ ಚೆಂದದ ಪದವಿಲ್ಲ. ಅದನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸಿದಾಗ ಅಣ್ಣ ಮೊದಲ ನಾಲ್ಕು ಅಕ್ಷರಕ್ಕೆ ಗೆರೆ ಎಳೆದು ನಗುವ ಚಿತ್ರ ಹಾಕಿದ. ಕನ್ನಡ ಬಾರದವರಿಗೂ ಮಾರುವ ಆಸೆ ಇದ್ದವರು ಇಂಥದ್ದನ್ನೂ ನೋಡಿಕೊಳ್ಳಬೇಕು. ಬುತ್ತಿಯನ್ನು ಬೇಸರದಿಂದಲೇ ಹೊಡೆದು ಹಾಕಿದೆ.

ಕಿವಿಯ ಪರೀಕ್ಷೆ ನಮ್ಮಂಥ ಸಣ್ಣವರಿಗೆ ಮಾತ್ರ ಎಂದುಕೊಳ್ಳಬೇಡಿ. 1994ರಲ್ಲಿ ಜೆಫ್ ಬೆಜೋಸ್ ಅಮೆರಿಕದಲ್ಲಿ ಕಂಪನಿ ನೋಂದಾಯಿಸಿದಾಗ ಮೊದಲು ಇಟ್ಟ ಹೆಸರು ‘ಕಡಾಬ್ರಾ’. ಜಾದೂಗಾರರ ಮಂತ್ರದ ತುಂಡು ಅದು. ಫೋನಿನಲ್ಲಿ ವಕೀಲರಿಗೆ ಅದು ‘ಕಡಾವರ್’ ಎಂದು, ಅಂದರೆ ಹೆಣ ಎಂದು ಕೇಳಿಸಿತು. ಹೆಸರು ಬದಲಾಯಿತು. ಮರುವರ್ಷ ಅದೇ ಕಂಪನಿ ‘ಅಮೆಜಾನ್’ ಎಂದು ಪುಸ್ತಕ ಮಾರಲು ಶುರು ಮಾಡಿತು.

ನಾಳೆಗೂ ಹೊಂದಬೇಕು

ಅಮೆಜಾನ್ ಕತೆಯಲ್ಲೇ ಮೂರನೇ ಜರಡಿಯೂ ಇದೆ. ಅವರು ಮೊದಲು ಮಾರಿದ್ದು ಪುಸ್ತಕ ಮಾತ್ರ. ಹೆಸರಿನಲ್ಲಿ ‘ಬುಕ್’ ಎಂದಿದ್ದರೆ ಇವತ್ತು ಅದೇ ಹೆಸರಿನಲ್ಲಿ ಚಪ್ಪಲಿ, ಫ್ರಿಡ್ಜ್ ಮಾರುವಾಗ ಎಷ್ಟು ವಿಚಿತ್ರ ಕಾಣುತ್ತಿತ್ತು! ನದಿಯ ಹೆಸರಾದ್ದರಿಂದ ಏನು ತೇಲಿಬಿಟ್ಟರೂ ನಡೆಯುತ್ತದೆ.

ನಮ್ಮ ದೇಶದಲ್ಲಿ ‘ಜೊಮ್ಯಾಟೊ’ 2008ರಲ್ಲಿ ಶುರುವಾದಾಗ ಅದರ ಹೆಸರು ‘ಫುಡೀಬೇ’. ಆ ಹೆಸರಿನ ಬಾಲದಲ್ಲಿ ಆಗಲೇ ಜಗತ್ತಿಗೆಲ್ಲ ಗೊತ್ತಿದ್ದ ‘ಈಬೇ’ ಕೂತಿತ್ತು. 2010ರಲ್ಲಿ ಹೆಸರು ಬದಲಿಸಿದರು. ಅರ್ಥವಿಲ್ಲದ, ಆದರೆ ಟೊಮ್ಯಾಟೊ ನೆನಪಿಸುವ ಪದ ಅವರದೇ ಆಯಿತು. ಬೆಂಗಳೂರಿನಲ್ಲಿ 2005ರಲ್ಲಿ ಇಡ್ಲಿ, ದೋಸೆ ಹಿಟ್ಟು ಮಾರಲು ಶುರು ಮಾಡಿದ ‘ಐಡಿ’ಯವರು ಆ ಎರಡು ತಿಂಡಿಗಳ ಮೊದಲಕ್ಷರಗಳನ್ನೇ ಹೆಸರು ಮಾಡಿಕೊಂಡರು. ಆಮೇಲೆ ಪರೋಟ, ಫಿಲ್ಟರ್ ಕಾಫಿ ಮಾರಿದಾಗಲೂ ಆ ಎರಡಕ್ಷರ ಅಡ್ಡ ಬರಲಿಲ್ಲ. 1924ರಲ್ಲಿ ಶುರುವಾದ ಮಾವಳ್ಳಿ ಟಿಫಿನ್ ರೂಮ್ಸ್ ಜನರ ಬಾಯಲ್ಲಿ ‘ಎಂಟಿಆರ್’ ಆಗಿ, ಅದೇ ಮೂರಕ್ಷರ ಮಸಾಲೆ ಪುಡಿಯ ಪೊಟ್ಟಣದ ಮೇಲೂ ಬಂತು.

ಇವತ್ತು ನಮ್ಮದು ರೊಟ್ಟಿ. ನಾಳೆ ಚಿಗವ್ವ ಶೇಂಗಾ ಹೋಳಿಗೆ ಮಾಡುತ್ತೇನೆ ಎನ್ನಬಹುದು, ಓಣಿಯ ಹೆಣ್ಣುಮಕ್ಕಳು ಕೌದಿ ಹೊಲಿದು ಕೊಡಬಹುದು. ಹೆಸರಿನಲ್ಲೇ ‘ರೊಟ್ಟಿ’ ಇದ್ದರೆ ಕೌದಿಗೆ ಬೇರೆ ಅಂಗಡಿ ತೆರೆಯಬೇಕಾಗುತ್ತದೆ. ಹೀಗೆ ರೊಟ್ಟಿ ಎಂಬ ಪದವಿದ್ದ ಹನ್ನೆರಡು ಹೆಸರುಗಳು ಒಟ್ಟಿಗೆ ಹೋದವು.

ವಿಳಾಸ ಯಾರ ಹೆಸರಲ್ಲಿದೆ?

ನಾಲ್ಕನೇ ಜರಡಿ ಇಂಟರ್‌ನೆಟ್ ವಿಳಾಸ, ಅಂದರೆ ಡೊಮೈನ್. ಅದನ್ನು ಬರೀ ತಾಂತ್ರಿಕ ವಿಷಯ ಎಂದುಕೊಂಡಿದ್ದ ಕಾಲವೊಂದಿತ್ತು. ಅದನ್ನು ಬದಲಿಸಿದ ಒಂದು ಪ್ರಮುಖ ತೀರ್ಪಿನ ಬೇರೂ ಕರ್ನಾಟಕದಲ್ಲೇ ಇದೆ. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನ ತುಣುಕುಗಳಿಂದ ‘ಸಿಫಿ’ ಎಂಬ ಪದ ಕಟ್ಟಿ, 1999ರಲ್ಲಿ ಅದರ ಡೊಮೈನ್‌ಗಳನ್ನು ಪಡೆದಿತ್ತು. ಆಮೇಲೆ ಇನ್ನೊಂದು ಸಂಸ್ಥೆ ಒಂದು ‘ಎಫ್’ ಹೆಚ್ಚಿಸಿ ‘ಸಿಫಿನೆಟ್’ ಎಂದು ಡೊಮೈನ್ ತೆಗೆದುಕೊಂಡಿತು. ಬೆಂಗಳೂರಿನ ಸಿವಿಲ್ ಕೋರ್ಟ್ ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟ್ ಅದನ್ನು ತೆಗೆಯಿತು, 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಎತ್ತಿಹಿಡಿಯಿತು. ಡೊಮೈನ್ ಎಂದರೆ ಬರೀ ವಿಳಾಸವಲ್ಲ, ಅದು ವ್ಯಾಪಾರದ ಗುರುತು ಕೂಡ. ಟ್ರೇಡ್‌ಮಾರ್ಕಿನಂತೆ ಅದಕ್ಕೂ ರಕ್ಷಣೆ ಉಂಟು ಎಂದು ಸ್ಪಷ್ಟವಾಯಿತು. ಒಂದು ಅಕ್ಷರ ಹಿಗ್ಗಿಸಿ, ಕುಗ್ಗಿಸಿ ದೊಡ್ಡವರ ಹೆಸರಿನ ನೆರಳಿನಲ್ಲಿ ನಿಲ್ಲೋಣ ಎಂದುಕೊಳ್ಳುವವರು ಈ ತೀರ್ಪನ್ನು ನೆನಪಿಡಬೇಕು.

ವಿಳಾಸ ಸಿಕ್ಕಿತು ಎಂದರೆ ಸಾಲದು. ಅದು ಯಾರ ಹೆಸರಿನಲ್ಲಿ, ಯಾರ ಇಮೇಲ್‌ನಲ್ಲಿ ನೋಂದಣಿಯಾಗಿದೆ ಎಂಬುದು ಮುಖ್ಯ. ನಮ್ಮ ಪರಿಚಯದ ಅಕ್ಕ ಒಬ್ಬರು ಸೀರೆ ವ್ಯಾಪಾರಕ್ಕೆ ವೆಬ್‌ಸೈಟ್ ಮಾಡಿಸಿದ್ದರು. ಮಾಡಿಕೊಟ್ಟ ಹುಡುಗ ಡೊಮೈನನ್ನು ತನ್ನದೇ ಖಾತೆಯಲ್ಲಿ ಖರೀದಿಸಿದ್ದ. ಎರಡು ವರ್ಷದ ಮೇಲೆ ಅವನ ಫೋನ್ ಸ್ವಿಚ್ ಆಫ್, ನವೀಕರಣದ ಸಂದೇಶ ಹೋದದ್ದು ಅವನ ಇಮೇಲಿಗೆ, ಒಂದು ಬೆಳಿಗ್ಗೆ ವೆಬ್‌ಸೈಟ್ ಇಲ್ಲ. ದುಡ್ಡು ಕೊಟ್ಟವರು ಅಕ್ಕ, ಕಾಗದದ ಮೇಲೆ ಮಾಲೀಕ ಅವನು. ಡೊಮೈನ್ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಿನ ಬಾಬತ್ತು. ನಿಮ್ಮ ಇಮೇಲ್‌ನಿಂದ, ನಿಮ್ಮ ಹೆಸರಿನಲ್ಲಿ ನೀವೇ ಕೊಂಡುಕೊಳ್ಳಿ. ಕಟ್ಟಿಕೊಡುವ ಕೆಲಸ ಮಾತ್ರ ಬೇರೆಯವರಿಗೆ ಕೊಡಿ.

ಹೆಸರು ನಿಶ್ಚಯವಾದ ದಿನವೇ ಡೊಮೈನ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಯೂಟ್ಯೂಬ್ ನಾಲ್ಕೂ ಕಡೆ ಒಂದೇ ಬರಹದಲ್ಲಿ ಹಿಡಿಯುವುದು ಒಳ್ಳೆಯದು. ಇನ್‌ಸ್ಟಾಗ್ರಾಂ ಬಳಕೆದಾರ ಹೆಸರು ಮೂವತ್ತು ಅಕ್ಷರ ದಾಟುವಂತಿಲ್ಲ. ಕನ್ನಡ ಲಿಪಿಯಲ್ಲಿ ಇಡಲೂ ಬರುವುದಿಲ್ಲ. ಆದರೆ ವೆಬ್ ವಿಳಾಸವನ್ನು ಪೂರ್ತಿ ಕನ್ನಡದಲ್ಲೇ ಇಟ್ಟುಕೊಳ್ಳಬಹುದು. ‘ಡಾಟ್ ಇನ್’ ವಿಳಾಸಗಳನ್ನು ನೋಡಿಕೊಳ್ಳುವ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ, ಅಂದರೆ ‘ನಿಕ್ಸಿ’ಯೇ ಕನ್ನಡ ಲಿಪಿಯ ‘.ಭಾರತ’ ವಿಳಾಸವನ್ನೂ ನಡೆಸುತ್ತದೆ. ಕನ್ನಡದಲ್ಲಿ ಹೆಸರಿಟ್ಟರೆ ಇಂಟರ್‌ನೆಟ್‌ನಲ್ಲಿ ನಡೆಯುವುದಿಲ್ಲ ಎನ್ನುವವರಿಗೆ ಇದು ಉತ್ತರ.

ಕೊನೆಗೆ ಉಳಿದದ್ದು

ನಲವತ್ತರಲ್ಲಿ ಉಳಿದದ್ದು ಮೂರು. ಅದರಲ್ಲೊಂದು ಅವ್ವ ಹೇಳಿದ್ದು. ಎಲ್ಲರ ಚರ್ಚೆ ಕೇಳಿಸಿಕೊಳ್ಳುತ್ತ ರೊಟ್ಟಿ ಬಡಿಯುತ್ತಿದ್ದ ಅವ್ವ, ‘ಹಂಚು ಅಂತ ಇಡ್ರಿ’ ಎಂದಳು. ರೊಟ್ಟಿ ಬೇಯುವುದು ಹಂಚಿನ ಮೇಲೆ. ಹಂಚು ಎಂದರೆ ಪಾಲು ಕೊಡು ಎಂದೂ ಆಯಿತು. ಬಂದ ಲಾಭವನ್ನು ಐದೂ ಮಂದಿ ಹಂಚಿಕೊಳ್ಳಬೇಕು ಎಂಬ ಅವಳ ಲೆಕ್ಕವೂ ಅದರಲ್ಲಿತ್ತು. ಹತ್ತು ಫೋನ್ ಮಾಡಿದೆ, ಒಂಬತ್ತು ಮಂದಿ ಒಂದೇ ರೀತಿ ಬರೆದರು. ದೀರ್ಘವಿಲ್ಲ, ‘ತ’ ‘ಟ’ ತಕರಾರಿಲ್ಲ, ಕೌದಿ ಮಾರಿದರೂ ಅಡ್ಡಿಯಿಲ್ಲ. ಒಂಟಿ ಪದ ಬೇರೆಯವರಿಗೂ ಹೊಳೆಯುವಂಥದ್ದು ಎಂದು, ಅದರ ಪಕ್ಕ ಅವ್ವನ ತವರಿನ ಒಂದು ಸಣ್ಣ ಪದ ಸೇರಿಸಿದೆವು. ಪೂರ್ತಿ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ಪುಟ ಜಾಹೀರಾತಿಗಲ್ಲ.

ಆಮೇಲಿನ ಕೆಲಸ ಕಾಗದದ್ದು. ಐಪಿ ಇಂಡಿಯಾ ವೆಬ್‌ಸೈಟಿನಲ್ಲಿ ಟ್ರೇಡ್‌ಮಾರ್ಕ್ ಹುಡುಕಾಟ ಉಚಿತ. ಅದೇ ಬರಹದ ಹೆಸರನ್ನಷ್ಟೇ ಅಲ್ಲ, ಉಚ್ಚಾರದಲ್ಲಿ ಹತ್ತಿರ ಇರುವುದನ್ನೂ ಹುಡುಕುವ ಆಯ್ಕೆ ಅಲ್ಲಿದೆ, ಎರಡನ್ನೂ ನೋಡಬೇಕು. ಸರಕು ಮತ್ತು ಸೇವೆಗಳನ್ನು ಒಟ್ಟು 45 ವರ್ಗ ಮಾಡಿದ್ದಾರೆ. ರೊಟ್ಟಿ, ಮಸಾಲೆ ಬರುವುದು 30ನೇ ವರ್ಗದಲ್ಲಿ, ಉಪ್ಪಿನಕಾಯಿ 29ರಲ್ಲಿ, ಬೇರೆಯವರ ಸರಕನ್ನೂ ತಂದು ಮಾರುವ ಆನ್‌ಲೈನ್ ಅಂಗಡಿಯ ಸೇವೆ 35ರಲ್ಲಿ. ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ ವ್ಯಕ್ತಿಗಳಿಗೆ, ಸ್ಟಾರ್ಟಪ್‌ಗಳಿಗೆ, ಸಣ್ಣ ಉದ್ದಿಮೆಗಳಿಗೆ 4,500 ರೂಪಾಯಿ, ಉಳಿದವರಿಗೆ 9,000. ನಮ್ಮದು ಪಾಲುದಾರಿಕೆ. ಸಣ್ಣ ಉದ್ದಿಮೆ ಎಂದು ತೋರಿಸಲು ಉದ್ಯಮ್ ನೋಂದಣಿ ಪತ್ರ ಬೇಕಾಯಿತು. ಸರ್ಕಾರದ ಪೋರ್ಟಲ್‌ನಲ್ಲಿ ಅದಕ್ಕೆ ಶುಲ್ಕವಿಲ್ಲ. ಕನ್ನಡ ಲಿಪಿಯ ಗುರುತನ್ನೂ ನೋಂದಾಯಿಸಬಹುದು. ಅದರ ಉಚ್ಚಾರ ಮತ್ತು ಅರ್ಥವನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆದುಕೊಡಬೇಕು ಅಷ್ಟೇ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ.

ಅರ್ಜಿ ಹಾಕಿದ ಕೂಡಲೇ ಹೆಸರು ನಮ್ಮದಾಗುವುದಿಲ್ಲ. ಅಧಿಕಾರಿ ಪರಿಶೀಲಿಸಿ ಆಕ್ಷೇಪಿಸಿದರೆ 30 ದಿನದಲ್ಲಿ ಉತ್ತರಿಸಬೇಕು. ಒಪ್ಪಿದರೆ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಆಮೇಲೆ ಬೇರೆಯವರು ವಿರೋಧಿಸಲು ನಾಲ್ಕು ತಿಂಗಳ ಕಾಲಾವಕಾಶ. ನೋಂದಣಿಯಾದರೆ ಅರ್ಜಿಯ ದಿನದಿಂದ 10 ವರ್ಷ ಬಾಳಿಕೆ, ಮತ್ತೆ ನವೀಕರಿಸಬಹುದು. ಅಲ್ಲಿಯವರೆಗೆ ಹೆಸರಿನ ಪಕ್ಕ ‘ಟಿಎಂ’ ಎಂದು ಹಾಕಬಹುದು. ವೃತ್ತದೊಳಗಿನ ‘ಆರ್’ ಚಿಹ್ನೆ ನೋಂದಣಿ ಆದವರಿಗೆ ಮಾತ್ರ. ಇನ್ನೊಂದು ಮಾತು: ಮೊದಲಿನಿಂದ ಬಳಸುತ್ತ ಬಂದವರ ಹಕ್ಕನ್ನೂ ನಮ್ಮ ಕಾನೂನು ಮಾನ್ಯ ಮಾಡುತ್ತದೆ. ಹಾಗಾಗಿ ಮೊದಲ ಬಿಲ್ಲು, ಮೊದಲ ಪೊಟ್ಟಣದ ಫೋಟೊ, ಮೊದಲ ಕೊರಿಯರ್ ಚೀಟಿ ತಾರೀಖಿನೊಂದಿಗೆ ಜೋಪಾನ ಮಾಡಿ ಇಟ್ಟಿದ್ದೇನೆ. ಕಂಪನಿ ಮಾಡಿಕೊಳ್ಳುವವರು ನೆನಪಿಡಿ: ಕಂಪನಿ ವ್ಯವಹಾರಗಳ ಸಚಿವಾಲಯ ಹೆಸರು ಒಪ್ಪಿತು ಎಂದರೆ ಟ್ರೇಡ್‌ಮಾರ್ಕ್ ಸಿಕ್ಕಿತು ಎಂದಲ್ಲ. ಎರಡೂ ಬೇರೆ ಬೇರೆ ಬಾಗಿಲು.

ಅರ್ಜಿಯಲ್ಲಿ ‘ಅರ್ಜಿದಾರರ ಹೆಸರು’ ಎಂಬ ಜಾಗ ಬಂದಾಗ ಮನೆಯಲ್ಲಿ ಮತ್ತೊಮ್ಮೆ ಮಾತಾಯಿತು. ಓಡಾಟ, ಸಹಿ, ಇಮೇಲ್ ಎಲ್ಲ ಸುಲಭವಾಗಲಿ, ನನ್ನ ಹೆಸರೋ ಅಣ್ಣನ ಹೆಸರೋ ಇರಲಿ ಎಂದು ಅವ್ವನೇ ಹೇಳಿದಳು. ‘ನಮ್ಮ ಹೆಸರ್ಯಾಕವಾ, ನಮಗೇನ್ ತಿಳಿತೈತಿ?’ ನಾನು ಒಪ್ಪಲಿಲ್ಲ. ನಾನು ನಾಳೆ ಪರೀಕ್ಷೆ ಪಾಸಾಗಿ ಎಲ್ಲಿಗೋ ಕೆಲಸಕ್ಕೆ ಹೋಗಬಹುದು, ಅಣ್ಣ ಬೆಂಗಳೂರಿನಲ್ಲೇ ಉಳಿಯಬಹುದು. ಒಲೆ ಮುಂದೆ ಕೂರುವವರು ಅವರು. ಐವರೂ ಪಾಲುದಾರರೆಂದು ಪತ್ರ ಮಾಡಿಸಿ, ಅರ್ಜಿಯಲ್ಲಿ ಐವರ ಹೆಸರನ್ನೂ ಬರೆದೆವು. ಐವರಲ್ಲಿ ಇಬ್ಬರು ನಿಧಾನಕ್ಕೆ ಅಕ್ಷರ ಕೂಡಿಸಿ ಸಹಿ ಮಾಡಿದರು.

ಸ್ವಂತ ಉದ್ಯೋಗದ ಮಾತು ಬಂದಾಗ ನಮ್ಮ ವಯಸ್ಸಿನವರು ಮೊದಲು ಯೋಚಿಸುವುದು ಬಂಡವಾಳದ ಬಗ್ಗೆ. ಹೆಸರೂ ಒಂದು ಬಂಡವಾಳ. ಬಾಡಿಗೆ ಮನೆ ಬಿಡಿಸಬಹುದು, ಸಗಟು ಖರೀದಿದಾರ ಕೈಬಿಡಬಹುದು, ಒಂದು ಆ್ಯಪ್ ಮುಚ್ಚಿಹೋಗಬಹುದು. ಸರಿಯಾಗಿ ಆರಿಸಿ, ನಮ್ಮದೇ ಹೆಸರಿನಲ್ಲಿ ನೋಂದಾಯಿಸಿಕೊಂಡ ಗುರುತು ಆಗಲೂ ನಮ್ಮ ಜೊತೆ ಉಳಿಯುತ್ತದೆ. ಹಳೆಯ ಗಿರಾಕಿ ಅದನ್ನೇ ಹಿಡಿದು ನಮ್ಮನ್ನು ಹುಡುಕಿ ಬರುತ್ತಾರೆ.

ನಮ್ಮ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ. ವಾರಕ್ಕೆ ಹದಿನೈದು ಇಪ್ಪತ್ತು ಪಾರ್ಸೆಲ್ ಹೋಗುತ್ತಿವೆ. ಹಳೆಯ ಅಂಗಡಿಗೆ ಹೋಗುತ್ತಿದ್ದುದರ ಕಾಲು ಭಾಗವೂ ಇಲ್ಲ. ಆದರೆ ಮೊನ್ನೆ ದಾವಣಗೆರೆಯಿಂದ ಒಬ್ಬರು ಪೊಟ್ಟಣದ ಮೇಲಿನ ನಂಬರಿಗೆ ಫೋನ್ ಮಾಡಿ, ಹೆಸರು ಹೇಳಿ, ‘ಈ ರೊಟ್ಟಿ ಮಾಡೋರು ನೀವೇ ಏನ್ರಿ?’ ಎಂದು ಕೇಳಿದರು. ಫೋನ್ ಎತ್ತಿದ್ದ ಅವ್ವ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಹೇಳಿದಳು: ‘ಹೌದ್ರಿ, ನಾವ ಮಾಡ್ತೀವ್ರಿ.’